ದೆಹಲಿಗೆ 8 ಜನ, 3 ರಾತ್ರಿ: ಊರ ಮಧ್ಯೆಯೇ ಕಡಿಮೆ ಖರ್ಚಿನ ರೂಮ್ ಹುಡುಕುವ ಸಮಗ್ರ ಮಾರ್ಗದರ್ಶಿ

ದೆಹಲಿಯಲ್ಲಿ ರೂಮಿಗೆ ಬರವಿಲ್ಲ. ಯಾವ ಆಪ್ ತೆರೆದರೂ ನೂರಾರು ಹೋಟೆಲ್ ಬರುತ್ತವೆ. ಎಲ್ಲವೂ ಊರ ನಡುವಿನ 'ಕನ್ನಾಟ್ ಪ್ಲೇಸ್ ಹತ್ತಿರ', ಎಲ್ಲದರಲ್ಲೂ ಬಿಳಿ ಬೆಡ್‌ಶೀಟಿನ ಫೋಟೋ. ಇಬ್ಬರೇ ಹೋಗುವಾಗ ಆಯ್ಕೆ ಸ್ವಲ್ಪ ತಪ್ಪಾದರೂ ನಡೆಯುತ್ತದೆ, ಮಾರನೇ ದಿನ ರೂಮ್ ಬದಲಾಯಿಸಿದರಾಯ್ತು. 8 ಜನ, 12 ಬ್ಯಾಗು, ಅದರಲ್ಲಿ ಇಬ್ಬರು ಮಂಡಿನೋವಿನವರು ಇದ್ದರೆ ಹಾಗೆ ಆಗುವುದಿಲ್ಲ, ಅಲ್ವಾ? ಹಾಗಾಗಿ ಟಿಕೆಟ್ ಆದ ಕೂಡಲೇ ಒಂದು ಸಂಜೆ ಕೂತು ಈ ಕೆಲಸ ಮುಗಿಸಿ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರು ಎಲ್ಲಿಂದ ಹೊರಟರೂ ವಿಧಾನ ಒಂದೇ.

ಮೊದಲು ಗುಂಪಿನ ಲೆಕ್ಕ

ಹೋಟೆಲ್ ಹುಡುಕುವ ಮುಂಚೆ ವಾಟ್ಸ್ಯಾಪ್ ಗ್ರೂಪಿನಲ್ಲಿ ನಾಲ್ಕೇ ಪ್ರಶ್ನೆ ಕೇಳಿ. ಒಬ್ಬೊಬ್ಬರು ಒಂದು ರಾತ್ರಿಗೆ ಹೆಚ್ಚೆಂದರೆ ಎಷ್ಟು ಕೊಡುತ್ತೀರಿ? ಯಾರ ಜೊತೆ ರೂಮ್ ಹಂಚಿಕೊಳ್ಳುತ್ತೀರಿ? ಮೆಟ್ಟಿಲು ಹತ್ತಲು ಆಗದವರು ಯಾರು? ಯಾರಾದರೂ ವಿದೇಶಿ ಪಾಸ್‌ಪೋರ್ಟಿನವರು ಇದ್ದಾರಾ?

'ನಿಮ್ಮಿಷ್ಟ, ಎಲ್ಲಾದರೂ ಓಕೆ' ಅನ್ನುವ ಉತ್ತರ ಬೇಡ. ಹಾಗೆ ಬರೆದವರೇ ದೆಹಲಿಯಲ್ಲಿ ಇಳಿದ ಮೇಲೆ ಮೊದಲು ಗೊಣಗುತ್ತಾರೆ. ಸಂಖ್ಯೆ ಹೇಳಿಸಿ. ಎಲ್ಲರ ಬಜೆಟ್ ಬಂದ ಮೇಲೆ ಅತಿ ಕಡಿಮೆ ಹೇಳಿದವರ ಮೊತ್ತವೇ ನಿಮ್ಮ ಮಿತಿ. ಸರಾಸರಿ ತೆಗೆದರೆ ಕಡಿಮೆ ಸಂಬಳದವರಿಗೆ ಭಾರವಾಗುತ್ತದೆ, ಅವರು ಬಾಯಿ ಬಿಟ್ಟು ಹೇಳುವುದೂ ಇಲ್ಲ.

ವಿದೇಶಿ ಪಾಸ್‌ಪೋರ್ಟಿನ ಪ್ರಶ್ನೆ ಯಾಕೆಂದರೆ, ಅಮೆರಿಕದ ಪೌರತ್ವ ಪಡೆದ ಅಣ್ಣನೋ ಅತ್ತಿಗೆಯೋ ಜೊತೆಗಿದ್ದರೆ ಹೋಟೆಲಿನವರು ಅವರ ವಿವರವನ್ನು ಫಾರ್ಮ್ ತುಂಬಿ ಸರ್ಕಾರಕ್ಕೆ ಕಳಿಸಬೇಕು. ಕಡಿಮೆ ಬೆಲೆಯ ಎಷ್ಟೋ ಹೋಟೆಲ್‌ಗಳು ಆ ಗೋಜಿಗೇ ಹೋಗುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಕೌಂಟರ್ ಮುಂದೆ ನಿಂತಾಗ ಇದು ಗೊತ್ತಾದರೆ ಕಷ್ಟ.

ಆಮೇಲೆ ಒಬ್ಬರಿಗೆ ಅಧಿಕಾರ ಕೊಟ್ಟುಬಿಡಿ. ಅವರು ಮೂರು ಹೋಟೆಲ್ ಆರಿಸಿ ಮುಂದಿಡಲಿ, ಉಳಿದವರು ಒಂದು ದಿನದೊಳಗೆ ಹೇಳಲಿ. ಹತ್ತು ಲಿಂಕ್ ಹಾಕಿ ಚರ್ಚೆಗೆ ಬಿಟ್ಟರೆ ಚರ್ಚೆ ಮುಗಿಯುವಷ್ಟರಲ್ಲಿ ದರ ಏರಿರುತ್ತದೆ.

ತಾರೀಖು ನೋಡಿ ಹೆಜ್ಜೆ ಇಡಿ

ಜನವರಿ 26ರ ಆಸುಪಾಸು ದೆಹಲಿ ಬೇಡ. ಪರೇಡ್ ನೋಡಲೆಂದೇ ಹೋಗುವವರ ಮಾತು ಬೇರೆ. ರಿಹರ್ಸಲ್, ರಸ್ತೆ ಬಂದ್, ಹೋಟೆಲ್ ತಪಾಸಣೆ, ಏರಿದ ದರ, ಎಲ್ಲ ಒಟ್ಟಿಗೆ ಬರುತ್ತವೆ. ನವೆಂಬರ್ 14ರಿಂದ 27ರವರೆಗೆ ಭಾರತ ಮಂಟಪದಲ್ಲಿ ಅಂತರರಾಷ್ಟ್ರೀಯ ವ್ಯಾಪಾರ ಮೇಳ ನಡೆಯುತ್ತದೆ. ಆಗಲೂ ಊರ ಮಧ್ಯದ ರೂಮ್‌ಗಳು ಬೇಗ ತುಂಬುತ್ತವೆ. ಜೊತೆಗೆ ಮದುವೆ ಸೀಸನ್, ಜೊತೆಗೆ ಹೊಗೆ. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜಿನಿಂದ ರೈಲು, ವಿಮಾನ ಎರಡೂ ತಡ. ಮೇ, ಜೂನ್‌ನಲ್ಲಿ ರೂಮ್ ಅಗ್ಗ, ಆದರೆ ಬಿಸಿಲು 45 ಡಿಗ್ರಿ ಮುಟ್ಟುತ್ತದೆ. ಅಜ್ಜ ಅಜ್ಜಿ ಇರುವ ಗುಂಪಿಗೆ ಅದು ಶಿಕ್ಷೆ. ನನ್ನನ್ನು ಕೇಳಿದರೆ ಫೆಬ್ರವರಿ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಒಳ್ಳೆಯ ಹೊತ್ತು.

ವಾರವನ್ನೂ ನೋಡಿ. ಕೆಂಪುಕೋಟೆ, ನ್ಯಾಷನಲ್ ಮ್ಯೂಸಿಯಂ, ಅಕ್ಷರಧಾಮ ಸೋಮವಾರ ಮುಚ್ಚಿರುತ್ತವೆ. ತಾಜ್ ಮಹಲ್‌ಗೆ ಶುಕ್ರವಾರ ರಜೆ. ಮೂರೇ ರಾತ್ರಿಯ ಪ್ರವಾಸದಲ್ಲಿ ಇದನ್ನು ಮರೆತರೆ ಒಂದು ರಾತ್ರಿಯ ಬಾಡಿಗೆ ದಂಡ.

ಊರ ಮಧ್ಯೆ ಅಂದರೆ ಎಲ್ಲಿ?

ನನ್ನ ಲೆಕ್ಕ ಸರಳ. ಹೋಟೆಲ್ ಬಾಗಿಲಿನಿಂದ ಮೆಟ್ರೋ ಗೇಟಿಗೆ ಹತ್ತು ನಿಮಿಷದಲ್ಲಿ ನಡೆದು ಹೋಗುವಂತಿರಬೇಕು. ಅಲ್ಲಿಂದ ಹತ್ತಿದರೆ ಹೆಚ್ಚೆಂದರೆ ಒಂದೇ ಸಲ ಲೈನ್ ಬದಲಿಸಿ ನೋಡಬೇಕಾದ ಕಡೆ ಮುಟ್ಟಬೇಕು. ಇಷ್ಟಿದ್ದರೆ ಸಾಕು. ಕನ್ನಾಟ್ ಪ್ಲೇಸ್‌ನಲ್ಲೇ ಮಲಗಬೇಕು ಅಂತಿಲ್ಲ.

ಗುಂಪಿಗೆ ಮೆಟ್ರೋ ಯಾಕೆ ಇಷ್ಟು ಮುಖ್ಯ? ಆಟೋದಲ್ಲಿ ಮೂರು ಜನ, ಸಾಮಾನ್ಯ ಕ್ಯಾಬಿನಲ್ಲಿ ನಾಲ್ಕು ಜನ. 8 ಜನ ಅಂದರೆ ಪ್ರತಿ ಸಲ ಎರಡು ಕ್ಯಾಬ್, ಇಲ್ಲವೇ ಮೂರು ಆಟೋ. ಒಂದು ಬೇಗ ಬರುತ್ತದೆ, ಇನ್ನೊಂದು ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುತ್ತದೆ, ಅರ್ಧ ಗುಂಪು ಜಾಮಾ ಮಸೀದಿ ಮೆಟ್ಟಿಲ ಮೇಲೆ ಕಾಯುತ್ತಾ ಕೂರುತ್ತದೆ.

ಆಪ್‌ಗಳಲ್ಲಿ ತುಂಬಾ ಅಗ್ಗವಾಗಿ ಕಾಣುವ ಜಾಗ ಮಹಿಪಾಲ್‌ಪುರ. ಅದು ವಿಮಾನ ನಿಲ್ದಾಣದ ಪಕ್ಕ, ಹೆದ್ದಾರಿ ಬದಿ. ಲೆಕ್ಕಕ್ಕೆ ಹೀಗಂದುಕೊಳ್ಳಿ: ಅಲ್ಲಿ ರೂಮ್ 1,400, ಊರ ಮಧ್ಯದ ಪಹಾಡ್‌ಗಂಜ್‌ನಲ್ಲಿ 1,900. ನಾಲ್ಕು ರೂಮಿಗೆ ದಿನಕ್ಕೆ 2,000 ರೂಪಾಯಿ ಉಳಿತಾಯ. ಖುಷಿ. ಆದರೆ ಬೆಳಗ್ಗೆ ಎರಡು ಕ್ಯಾಬ್, ರಾತ್ರಿ ಎರಡು ಕ್ಯಾಬ್, ಒಂದಕ್ಕೆ 450 ಹಿಡಿದರೂ 1,800 ಹೋಯಿತು. ಉಳಿದ 200 ರೂಪಾಯಿಗೆ ದಿನಾ ಎರಡು ಗಂಟೆ ಟ್ರಾಫಿಕ್ಕಿನಲ್ಲಿ ಕೂತಿರಿ. ಅತ್ತ ಪಹಾಡ್‌ಗಂಜ್ ಕಡೆಯಿಂದ ಹಳದಿ ಲೈನ್ ಹತ್ತಿದರೆ ಚಾಂದನಿ ಚೌಕ್ ಎರಡನೇ ಸ್ಟೇಷನ್. 8 ಜನ ಹೋಗಿಬಂದರೂ 350 ರೂಪಾಯಿ ದಾಟುವುದಿಲ್ಲ. 2025ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದ ಮೇಲೆ ದೆಹಲಿ ಮೆಟ್ರೋದ ಮಾಮೂಲಿ ದರ 11ರಿಂದ 64 ರೂಪಾಯಿ. ಏರ್‌ಪೋರ್ಟ್ ಲೈನಿನ ದರ ಬೇರೆ. ಬೆಳಗ್ಗೆ ಬೇಗ ವಿಮಾನ ಇರುವ ಕೊನೆಯ ರಾತ್ರಿಗೆ ಮಾತ್ರ ಮಹಿಪಾಲ್‌ಪುರ ಸರಿ.

ನಾಲ್ಕು ಬಡಾವಣೆ, ನಾಲ್ಕು ಸ್ವಭಾವ

*ಪಹಾಡ್‌ಗಂಜ್.* ನ್ಯೂ ಡೆಲ್ಲಿ ರೈಲು ನಿಲ್ದಾಣದ ಎದುರಿಗೇ ಇದೆ. ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಬರುವವರಿಗೆ ಇದಕ್ಕಿಂತ ಹತ್ತಿರದ ಜಾಗ ಇನ್ನೊಂದಿಲ್ಲ. ಆಗ್ರಾಕ್ಕೆ ಬೆಳಗ್ಗೆ 6 ಗಂಟೆಯ ಶತಾಬ್ದಿ ಹಿಡಿಯುವವರಿಗೂ ಇದೇ ಸರಿ, ಅಷ್ಟು ಹೊತ್ತಿಗೆ ಮೆಟ್ರೋ ನಂಬಿಕೊಂಡು ಹೊರಡಲು ಆಗುವುದಿಲ್ಲ. ಮೂರು, ನಾಲ್ಕು ಹಾಸಿಗೆಯ ಫ್ಯಾಮಿಲಿ ರೂಮ್‌ಗಳು ಇಲ್ಲಿ ಸುಲಭವಾಗಿ ಸಿಗುತ್ತವೆ.

ಒಂದು ಸೂಕ್ಷ್ಮ ಇದೆ. ನಿಲ್ದಾಣಕ್ಕೆ ಎರಡು ಮುಖ. ಒಂದನೇ ಪ್ಲಾಟ್‌ಫಾರ್ಮ್ ಕಡೆ ಪಹಾಡ್‌ಗಂಜ್, 16ನೇ ಪ್ಲಾಟ್‌ಫಾರ್ಮ್ ಕಡೆ ಅಜ್ಮೇರಿ ಗೇಟ್. ಮೆಟ್ರೋ ಮತ್ತು ಏರ್‌ಪೋರ್ಟ್ ಲೈನ್ ಎರಡೂ ಅಜ್ಮೇರಿ ಗೇಟ್ ಕಡೆ. ಮ್ಯಾಪಿನಲ್ಲಿ ಹೋಟೆಲಿನಿಂದ ಮೆಟ್ರೋಗೆ ಅರ್ಧ ಕಿಲೋಮೀಟರ್ ಅಂತ ಕಂಡರೂ ನಡುವೆ 16 ಪ್ಲಾಟ್‌ಫಾರ್ಮ್ ದಾಟುವ ಸೇತುವೆ ಇರುತ್ತದೆ. ಸೂಟ್‌ಕೇಸ್ ಹೊತ್ತು ಅದನ್ನು ಹತ್ತಿ ಇಳಿಯುವುದು ಸಣ್ಣ ಕೆಲಸ ಏನಲ್ಲ. ಪಹಾಡ್‌ಗಂಜ್‌ನ ಮುಖ್ಯ ಬೀದಿಯಾದ ಮೇನ್ ಬಜಾರಿನ ಪಶ್ಚಿಮದ ತುದಿಯಲ್ಲಿ ರೂಮ್ ಹಿಡಿದರೆ ನೀಲಿ ಲೈನಿನ ರಾಮಕೃಷ್ಣ ಆಶ್ರಮ ಮಾರ್ಗ ಸ್ಟೇಷನ್ ಹತ್ತಿರ. ಅಲ್ಲಿಂದ ರಾಜೀವ್ ಚೌಕ್, ಅಂದರೆ ಕನ್ನಾಟ್ ಪ್ಲೇಸ್‌ನ ಮೆಟ್ರೋ, ಮುಂದಿನ ಸ್ಟೇಷನ್ನೇ.

ಮೇನ್ ಬಜಾರಿನ ಒಳಗಲ್ಲಿಗಳಿಗೆ ಕಾರು ಬರುವುದಿಲ್ಲ. ವಯಸ್ಸಾದವರಿದ್ದರೆ ಉತ್ತರಕ್ಕಿರುವ ಆರಾಕಶಾನ್ ರಸ್ತೆ ನೋಡಿ. ಅಲ್ಲೂ ಗಲಾಟೆ ಇದೆ, ಆದರೆ ಕ್ಯಾಬ್ ಬಾಗಿಲಿಗೆ ಬರುತ್ತದೆ.

*ಕರೋಲ್ ಬಾಗ್.* ನೀಲಿ ಲೈನ್. ಪಹಾಡ್‌ಗಂಜ್‌ಗಿಂತ ದರ ಸ್ವಲ್ಪ ಜಾಸ್ತಿ, ರೂಮ್ ಕೂಡ ಸ್ವಲ್ಪ ದೊಡ್ಡದು. ಸಂಜೆ ಅಜ್ಮಲ್ ಖಾನ್ ರಸ್ತೆಯಲ್ಲಿ ಶಾಪಿಂಗ್. ಮನೆಮಂದಿ ಹೋಗುವುದಾದರೆ ನಾನು ಮೊದಲು ಇಲ್ಲೇ ಹುಡುಕುತ್ತೇನೆ. ಸೋಮವಾರ ಮಾರುಕಟ್ಟೆಗೆ ರಜೆ, ಆವತ್ತು ರಸ್ತೆ ಕೊಂಚ ಉಸಿರಾಡುತ್ತದೆ.

*ಲಜಪತ್ ನಗರ, ಜಂಗ್‌ಪುರ.* ಹೋಟೆಲಿಗಿಂತ ಇಡೀ ಫ್ಲಾಟ್ ಅಥವಾ ಗೆಸ್ಟ್‌ಹೌಸ್ ಬೇಕೆನ್ನುವವರಿಗೆ ಸರಿ. ರಾಜಧಾನಿ ಎಕ್ಸ್‌ಪ್ರೆಸ್, ಸಂಪರ್ಕ ಕ್ರಾಂತಿ ರೈಲುಗಳು ನಿಮ್ಮನ್ನು ಹಜ್ರತ್ ನಿಜಾಮುದ್ದೀನ್‌ನಲ್ಲಿ ಇಳಿಸುತ್ತವೆ. ಅಲ್ಲಿನ ಸರಾಯ್ ಕಾಲೇ ಖಾನ್ ಮೆಟ್ರೋದಿಂದ ಪಿಂಕ್ ಲೈನ್ ಹತ್ತಿದರೆ ಲಜಪತ್ ನಗರ ಮೂರನೇ ಸ್ಟೇಷನ್. ಲಜಪತ್ ನಗರದಿಂದ ವಯೊಲೆಟ್ ಲೈನ್ ನೇರವಾಗಿ ಜಾಮಾ ಮಸೀದಿ, ಲಾಲ್ ಕಿಲಾಕ್ಕೆ (ಕೆಂಪುಕೋಟೆ) ಹೋಗುತ್ತದೆ. ಹುಮಾಯೂನ್ ಸಮಾಧಿ, ಲೋಧಿ ಗಾರ್ಡನ್ ಹತ್ತಿರ. ಆಗ್ರಾಕ್ಕೆ ಗತಿಮಾನ್ ಎಕ್ಸ್‌ಪ್ರೆಸ್ ಬೆಳಗ್ಗೆ 8ರ ಹೊತ್ತಿಗೆ ಹೊರಡುವುದೂ ನಿಜಾಮುದ್ದೀನ್‌ನಿಂದಲೇ.

*ಕನ್ನಾಟ್ ಪ್ಲೇಸ್ ಸುತ್ತ.* ಹೋಟೆಲ್‌ಗಳು ದುಬಾರಿ. ಆದರೆ ಜೈಸಿಂಗ್ ರಸ್ತೆಯ ವೈಎಂಸಿಎ, ಅಶೋಕ ರಸ್ತೆಯ ವೈಡಬ್ಲ್ಯುಸಿಎ ಹಾಸ್ಟೆಲ್‌ಗಳು ಗುಂಪುಗಳಿಗೆ ಒಗ್ಗುತ್ತವೆ. ವಿಶಾಲವಾದ ಆವರಣ, ಸಾದಾ ರೂಮ್. ಗುರುದ್ವಾರ ಬಂಗ್ಲಾ ಸಾಹಿಬ್‌ನಲ್ಲಿ ಯಾತ್ರಿ ನಿವಾಸ ಇದೆ. ಅಲ್ಲಿ ಉಳಿಯುವುದಾದರೆ ತಲೆ ಮುಚ್ಚಿಕೊಳ್ಳುವುದು, ಬೀಡಿ ಸಿಗರೇಟು ಹೆಂಡ ಮುಟ್ಟದಿರುವುದು, ಇವನ್ನು ಮನಃಪೂರ್ವಕ ಪಾಲಿಸುವವರಾಗಿರಬೇಕು. ಅಗ್ಗ ಅನ್ನುವ ಒಂದೇ ಕಾರಣಕ್ಕೆ ಹೋಗಬೇಡಿ.

ಇನ್ನು ಕರ್ನಾಟಕ ಭವನ. ಊರಲ್ಲಿ ಯಾರನ್ನೇ ಕೇಳಿದರೂ ಮೊದಲು ಹೇಳುವುದು ಇದನ್ನೇ. ಆದ್ಯತೆ ಜನಪ್ರತಿನಿಧಿಗಳಿಗೆ, ಅಧಿಕಾರಿಗಳಿಗೆ. ರೂಮ್ ಖಾತ್ರಿಯಾಗಿ ಪತ್ರ ಕೈಗೆ ಬಂದರೆ ಒಳ್ಳೆಯದು. 'ಎಮ್ಮೆಲ್ಲೆ ಪಿಎ ಗೊತ್ತು, ಆಗುತ್ತೆ' ಅನ್ನುವ ಮಾತನ್ನು ನಂಬಿ 8 ಜನರನ್ನು ಹೊರಡಿಸಬೇಡಿ. ಅದು ಇರುವುದು ಚಾಣಕ್ಯಪುರಿಯ ಕಡೆ, ಓಡಾಟಕ್ಕೆ ಕ್ಯಾಬ್ ಬೇಕೇ ಬೇಕು.

ರೂಮೋ, ಫ್ಲಾಟೋ, ಡಾರ್ಮೆಟ್ರಿಯೋ?

8 ಜನ ಅಂದ ಕೂಡಲೇ ನಾಲ್ಕು ಡಬಲ್ ರೂಮ್ ಅಂತ ಎಲ್ಲರೂ ಹೊರಡುತ್ತಾರೆ. ನಾಲ್ಕು ಹಾಸಿಗೆಯ ಎರಡು ಫ್ಯಾಮಿಲಿ ರೂಮ್ ಕೇಳಿ ನೋಡಿ, ಸಾಮಾನ್ಯವಾಗಿ ಅಗ್ಗ ಬೀಳುತ್ತದೆ. ಆದರೆ ಬೆಳಗ್ಗೆ ನಾಲ್ಕು ಜನಕ್ಕೆ ಒಂದೇ ಬಾತ್‌ರೂಮ್, ಒಂದೇ ಸಣ್ಣ ಗೀಸರ್. ಜನವರಿಯ ದೆಹಲಿಯಲ್ಲಿ ಮೂರನೆಯವರಿಗೆ ತಣ್ಣೀರು. ಒಂದು ಬಾತ್‌ರೂಮಿಗೆ ಮೂರು ಜನ ಅನ್ನುವುದು ನನ್ನ ಗೆರೆ. ಹಾಗಾಗಿ 8 ಜನಕ್ಕೆ ಎರಡು ಟ್ರಿಪಲ್, ಒಂದು ಡಬಲ್ ಚೆನ್ನಾಗಿ ಹೊಂದುತ್ತದೆ. ಮುಂದೆ ಲೆಕ್ಕಕ್ಕೆ ಮಾತ್ರ ನಾಲ್ಕು ರೂಮ್ ಅಂತಲೇ ಹಿಡಿದಿದ್ದೇನೆ, ನೀವು ನಿಮ್ಮ ಸಂಖ್ಯೆ ಹಾಕಿಕೊಳ್ಳಿ. ಗೊರಕೆಯವರನ್ನೆಲ್ಲ ಒಂದೇ ರೂಮಿಗೆ ಹಾಕಿ, ಸುಮ್ನೆ ಜಗಳ ಬೇಡ.

ಫ್ಲಾಟಿನಲ್ಲಿ ಅಡುಗೆಮನೆ ಇರುತ್ತದೆ, ಬೆಳಗ್ಗೆ ಅವಲಕ್ಕಿ ಒಗ್ಗರಣೆ ಹಾಕಿಕೊಂಡು ಹೊರಡಬಹುದು. ಸಂಜೆ ಎಲ್ಲರೂ ಒಂದೇ ಹಾಲಿನಲ್ಲಿ ಕೂರಬಹುದು. ಗುಂಪು ಪ್ರವಾಸದ ಅರ್ಧ ಮಜಾ ಅದೇ ತಾನೇ? ಆದರೆ ಜಿಎಸ್‌ಟಿ ಲೆಕ್ಕ ಇಲ್ಲಿ ಕೈಕೊಡಬಹುದು. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ರೂಮಿಗೆ ಶೇ. 5 ತೆರಿಗೆ, ಅದಕ್ಕಿಂತ ಹೆಚ್ಚಿನದಕ್ಕೆ ಶೇ. 18. ನಾಲ್ಕು ರೂಮ್ ತಲಾ 2,250 ಅಂದರೆ ಒಟ್ಟು 9,000, ತೆರಿಗೆ 450. ಅದೇ 9,000ಕ್ಕೆ ಇಡೀ ಫ್ಲಾಟನ್ನು ಒಂದೇ ಬಾಡಿಗೆಯಾಗಿ ಕೊಟ್ಟು ತೆರಿಗೆ ಹಾಕಿದರೆ 1,620. ಒಂದೇ ರಾತ್ರಿಗೆ 1,170 ವ್ಯತ್ಯಾಸ. ಕೊನೆಯ ಪೇಮೆಂಟ್ ಪುಟದವರೆಗೂ ಹೋಗಿ, ಕ್ಲೀನಿಂಗ್ ಶುಲ್ಕವೂ ಸೇರಿದ ಮೇಲಿನ ಮೊತ್ತವನ್ನು ತಲೆಗೆ ಭಾಗಿಸಿ ಹೋಲಿಸಿ.

ಕಾಲೇಜು ಗೆಳೆಯರ ಗುಂಪಾದರೆ ಬ್ಯಾಕ್‌ಪ್ಯಾಕರ್ ಹಾಸ್ಟೆಲಿನ 6 ಅಥವಾ 8 ಹಾಸಿಗೆಯ ಡಾರ್ಮ್ ಪೂರ್ತಿ ಹಿಡಿಯಿರಿ. ಮುಂಚೆ ಫೋನ್ ಮಾಡಿ, ದೊಡ್ಡ ಗುಂಪನ್ನು ಬೇಡವೆನ್ನುವ ಹಾಸ್ಟೆಲ್‌ಗಳೂ ಇವೆ. ಚಾಣಕ್ಯಪುರಿಯ ನ್ಯಾಯ ಮಾರ್ಗದಲ್ಲಿ ಯೂತ್ ಹಾಸ್ಟೆಲ್ ಇದೆ, ಸದಸ್ಯತ್ವ ಇದ್ದವರಿಗೆ ಉಪಯೋಗ.

ಹುಡುಕುವ ಕ್ರಮ

ಆಪಿನಲ್ಲಿ '8 ಜನ, 4 ರೂಮ್' ಅಂತ ಹಾಕಬೇಡಿ. ನಾಲ್ಕೂ ರೂಮ್ ಒಟ್ಟಿಗೆ ಖಾಲಿ ಇರುವ ಹೋಟೆಲ್ ಮಾತ್ರ ಆಗ ಕಾಣುತ್ತದೆ. ಆಪಿಗೆ ಎರಡೇ ರೂಮ್ ಬಿಟ್ಟುಕೊಟ್ಟು ಉಳಿದದ್ದನ್ನು ತಾವೇ ಮಾರುವ ಹೋಟೆಲ್‌ಗಳು ಪಟ್ಟಿಯಿಂದಲೇ ಹೊರಗೆ. ಇಬ್ಬರಿಗೆ ಒಂದು ರೂಮ್ ಅಂತ ಹುಡುಕಿ. ಪಟ್ಟಿ ಮುಚ್ಚಿ ಮ್ಯಾಪ್ ತೆರೆಯಿರಿ. ಆರಿಸಿದ ಮೆಟ್ರೋ ಸ್ಟೇಷನ್ ಸುತ್ತ ಇರುವುದನ್ನಷ್ಟೇ ನೋಡಿ. ನಡಿಗೆಯ ದಾರಿಯನ್ನು ಸ್ಟೇಷನ್ ಹೆಸರಿಗಲ್ಲ, ಗೇಟ್ ನಂಬರಿಗೆ ಹಾಕಿ ಅಳೆಯಿರಿ.

ಆಮೇಲೆ ರಿವ್ಯೂ. ಹೊಸದನ್ನು ಮೊದಲು ಓದಿ. ಪಹಾಡ್‌ಗಂಜ್, ಕರೋಲ್ ಬಾಗ್‌ನಲ್ಲಿ ಹೋಟೆಲ್‌ಗಳು ಕೈ ಬದಲಾಗುತ್ತವೆ, ಹೆಸರೂ ಬದಲಾಗುತ್ತದೆ. ಮೂರು ವರ್ಷದ ಹಿಂದಿನ ಹೊಗಳಿಕೆ ಈಗಿನ ಮಾಲೀಕರಿಗೆ ಸೇರಿದ್ದಲ್ಲ. ಕಡಿಮೆ ಸ್ಟಾರ್ ಕೊಟ್ಟವರ ಮಾತಿನಲ್ಲಿ ಒಂದೇ ದೂರು ಮತ್ತೆ ಮತ್ತೆ ಬಂದರೆ ಅದು ನಿಜ. ವಾಸನೆ, ಕಿಟಕಿ, ಬಿಸಿನೀರು, 'ಬುಕ್ ಮಾಡಿದ ರೂಮ್ ಕೊಡಲಿಲ್ಲ', ಈ ನಾಲ್ಕನ್ನು ಹುಡುಕಿ. ಊಟ ಚೆನ್ನಾಗಿಲ್ಲ ಅನ್ನುವುದನ್ನು ಬಿಟ್ಟುಬಿಡಿ.

ಮೂರು ಹೋಟೆಲ್ ಉಳಿದ ಮೇಲೆ, ಉಚಿತವಾಗಿ ರದ್ದು ಮಾಡಬಹುದಾದ ಒಂದನ್ನು ಮೊದಲು ಹಿಡಿದಿಟ್ಟುಕೊಳ್ಳಿ. ರದ್ದು ಮಾಡುವ ಕೊನೆಯ ದಿನಾಂಕ, ಗಂಟೆ ಎರಡನ್ನೂ ಫೋನಿನಲ್ಲಿ ಅಲಾರ್ಮ್ ಇಡಿ. ಬೆನ್ನಿಗೆ ಇದಿದ್ದರೆ ಫೋನಿನಲ್ಲಿ ಚೌಕಾಸಿ ಮಾಡಲು ಧೈರ್ಯ ಬರುತ್ತದೆ.

ಫೋನ್ ಮಾಡಿ, ಹಿಂದಿಯಲ್ಲೇ ಕೇಳಿ

ಇದು ಎಲ್ಲಕ್ಕಿಂತ ಮುಖ್ಯ. ನಾಲ್ಕು ರೂಮ್, ಮೂರು ರಾತ್ರಿ ಅಂದರೆ ಅವರಿಗೆ ಹನ್ನೆರಡು ರೂಮ್ ಒಂದೇ ಏಟಿಗೆ ಹೋಯಿತು. ಆಪಿಗೆ ಕೊಡುವ ಕಮಿಷನ್ನೂ ಉಳಿಯಿತು. ಕೇಳುವ ಹಕ್ಕು ನಿಮಗಿದೆ. ಹಿಂದಿ ಅಷ್ಟಕ್ಕಷ್ಟೇ ಇರುವವರು ಈ ಸಾಲುಗಳನ್ನು ಬರೆದಿಟ್ಟುಕೊಳ್ಳಿ:

'ಚಾರ್ ಕಮ್ರೇ, ತೀನ್ ರಾತ್. ಟ್ಯಾಕ್ಸ್ ಮಿಲಾಕೇ ಕಿತ್ನಾ ಹೋಗಾ?' ತೆರಿಗೆ ಸೇರಿ ಎಷ್ಟು ಅಂತ.

'ಖಿಡ್ಕೀ ಬಾಹರ್ ಖುಲ್ತೀ ಹೈ ನಾ?' ಕಿಟಕಿ ಹೊರಗೆ ತೆರೆಯುತ್ತದಾ ಅಂತ. ದೆಹಲಿಯ ಅಗ್ಗದ ರೂಮ್‌ಗಳಲ್ಲಿ ಕಿಟಕಿ ಕಾರಿಡಾರಿಗೋ ಗಾಳಿ ಬರದ ಸಂದಿಗೋ ತೆರೆದುಕೊಳ್ಳುವುದು ಮಾಮೂಲು. ಫೋಟೋದಲ್ಲಿ ಪರದೆ ಎಳೆದಿದ್ದರೆ ಅನುಮಾನ ಪಡಿ.

'ಕೌನ್ಸೀ ಮಂಜಿಲ್? ಲಿಫ್ಟ್ ಚಲ್ತೀ ಹೈ?' ಎಷ್ಟನೇ ಮಹಡಿ, ಲಿಫ್ಟ್ ಓಡುತ್ತದಾ. 'ಲಿಫ್ಟ್ ಇದೆಯಾ' ಅಂತ ಕೇಳಿದರೆ ಇದೆ ಅಂತಲೇ ಹೇಳುತ್ತಾರೆ.

ಆಮೇಲೆ ವಾಟ್ಸ್ಯಾಪಿನಲ್ಲಿ ವಿಡಿಯೋ ಕೇಳಿ. ರಸ್ತೆಯಿಂದ ಶುರು ಮಾಡಿ, ಮೆಟ್ಟಿಲು ಹತ್ತಿ, ರೂಮಿನೊಳಗೆ ಹೋಗಿ ಕಿಟಕಿ ತೆರೆದು, ನಲ್ಲಿ ತಿರುಗಿಸಿ ತೋರಿಸುವ ಒಂದೇ ಓಟದ ವಿಡಿಯೋ. ಕೊಡಲು ಒಪ್ಪದಿದ್ದರೆ ಮುಂದಿನ ಹೋಟೆಲಿಗೆ ಹೋಗಿ.

ಆ ವಿಡಿಯೋದಲ್ಲಿ ಹೊರಗೆ ಹೋಗುವ ಎರಡನೇ ದಾರಿ ಇದೆಯಾ ನೋಡಿ. 2019ರ ಫೆಬ್ರವರಿಯಲ್ಲಿ ಕರೋಲ್ ಬಾಗ್‌ನ ಒಂದು ಹೋಟೆಲಿಗೆ ನಸುಕಿನಲ್ಲಿ ಬೆಂಕಿ ಬಿದ್ದು 17 ಜನ ಸತ್ತರು. ಒಂದೇ ಇಕ್ಕಟ್ಟು ಮೆಟ್ಟಿಲು, ಸುತ್ತ ಮರದ ಪ್ಯಾನೆಲ್, ತೆರೆಯದ ಕಿಟಕಿ, ಈ ಮೂರೂ ಒಟ್ಟಿಗಿರುವ ಹೋಟೆಲ್ ಎಷ್ಟು ಅಗ್ಗವಾದರೂ ಬೇಡ.

ದರ ಒಪ್ಪಿಗೆಯಾದರೆ ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಬರೆದು ಕಳಿಸಿ, ಅವರಿಂದ 'ಓಕೆ' ತರಿಸಿಕೊಳ್ಳಿ: ದಿನಾಂಕ, ರೂಮ್‌ಗಳು, ಪ್ರತಿ ರೂಮಿಗೆ ಎಷ್ಟು ಜನ, ತೆರಿಗೆ ಸೇರಿದ ಮೊತ್ತ, ಹೆಚ್ಚುವರಿ ಹಾಸಿಗೆ, ಬೆಳಗಿನ ತಿಂಡಿ ಎಷ್ಟು ಜನಕ್ಕೆ, ಚಳಿಗಾಲವಾದರೆ ರೂಮ್ ಹೀಟರ್. ತಿಂಡಿ ಉಚಿತ ಅಂದರೂ ರೂಮಿಗೆ ಇಬ್ಬರಿಗೆ ಮಾತ್ರ ಅಂತ ಇರುತ್ತದೆ. ಟ್ರಿಪಲ್ ರೂಮಿನ ಮೂರನೆಯವರು ದುಡ್ಡು ಕೊಡಬೇಕು. ಅಡ್ವಾನ್ಸ್ ಒಂದು ರಾತ್ರಿಯ ಬಾಡಿಗೆಗಿಂತ ಜಾಸ್ತಿ ಬೇಡ. ಯುಪಿಐನಲ್ಲಿ ಹೋಟೆಲ್ ಹೆಸರು ಬರದೆ ಯಾರದೋ ಸ್ವಂತ ಹೆಸರು ಬಂದರೆ ನಿಲ್ಲಿಸಿ. ಮ್ಯಾಪಿನಲ್ಲಿರುವ ನಂಬರ್, ಆಪಿನ ವೋಚರಿನಲ್ಲಿರುವ ನಂಬರ್ ಎರಡೂ ಒಂದೇನಾ ನೋಡಿ.

ಬಂದಿಳಿದ ಮೇಲೆ

ಬಹುತೇಕ ಹೋಟೆಲ್‌ಗಳ ಚೆಕ್‌ಇನ್ ಮಧ್ಯಾಹ್ನ 12ಕ್ಕೆ. ರೈಲು ಬರುವುದು ಬೆಳಗ್ಗೆ. ಪಹಾಡ್‌ಗಂಜ್‌ನ ಕೆಲವು ಹೋಟೆಲ್‌ಗಳಲ್ಲಿ 24 ಗಂಟೆ ಲೆಕ್ಕ ಇದೆ, ಅಂದರೆ ನೀವು ಬಂದ ಹೊತ್ತಿನಿಂದ ಮಾರನೇ ದಿನ ಅದೇ ಹೊತ್ತಿಗೆ ಒಂದು ದಿನ. ಅದಿಲ್ಲದಿದ್ದರೆ ಒಂದು ರೂಮನ್ನಾದರೂ ಬೇಗ ಕೊಡಿ ಅಂತ ಮೊದಲೇ ಕೇಳಿ. ಎಲ್ಲರೂ ಸ್ನಾನ ಮಾಡಿ, ಬ್ಯಾಗ್ ಇಟ್ಟು ಹೊರಡಬಹುದು. ಕನ್‌ಫರ್ಮ್ ಅಥವಾ ಆರ್‌ಎಸಿ ಟಿಕೆಟ್ ಇದ್ದರೆ ಐಆರ್‌ಸಿಟಿಸಿಯಲ್ಲಿ ನಿಲ್ದಾಣದ ರಿಟೈರಿಂಗ್ ರೂಮ್ ಕೂಡ ಬುಕ್ ಮಾಡಬಹುದು. ಸಿಕ್ಕಿದರೆ ಲಾಭ, ಬೇಗ ಖಾಲಿಯಾಗುತ್ತದೆ.

ನಿಲ್ದಾಣದ ಹೊರಗೆ ಯಾರಾದರೂ ಬಂದು 'ಆ ಹೋಟೆಲ್ ಮುಚ್ಚಿದೆ', 'ಆ ರಸ್ತೆ ಬಂದ್', 'ನಿಮ್ಮ ಬುಕಿಂಗ್ ಕ್ಯಾನ್ಸಲ್ ಆಗಿದೆ, ಸರ್ಕಾರಿ ಟೂರಿಸ್ಟ್ ಆಫೀಸಿಗೆ ಬನ್ನಿ' ಅಂದರೆ ನಿಲ್ಲಬೇಡಿ. ನಿಮ್ಮನ್ನು ಕಮಿಷನ್ ಸಿಗುವ ಕಡೆ ಕರೆದೊಯ್ಯುವ ಹಳೇ ಆಟ ಅದು. ಹೋಟೆಲಿಗೆ ನೀವೇ ಫೋನ್ ಮಾಡಿ, ಅವರು ಡಯಲ್ ಮಾಡಿ ಕೊಡುವ ಫೋನಿನಲ್ಲಿ ಮಾತಾಡಬೇಡಿ. ಗುಂಪನ್ನು ಒಂದೆಡೆ ನಿಲ್ಲಿಸಿ ಇಬ್ಬರು ಮಾತ್ರ ಮುಂದೆ ಹೋಗಿ ರೂಮ್ ನೋಡಿ ಬರಲಿ.

ಪ್ರತಿಯೊಬ್ಬರ ಗುರುತಿನ ಚೀಟಿಯೂ ಬೇಕು. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇರದ ಕಾರಣ ಒಪ್ಪುವುದಿಲ್ಲ. ದೆಹಲಿಯಲ್ಲೇ ಕೆಲಸದಲ್ಲಿರುವ ತಮ್ಮ ಒಂದು ರಾತ್ರಿ ಜೊತೆಗೆ ಉಳಿಯುತ್ತಾನೆ ಅಂದರೆ ಮೊದಲೇ ಕೇಳಿ, ಸ್ಥಳೀಯ ವಿಳಾಸದವರಿಗೆ ರೂಮ್ ಕೊಡದ ಹೋಟೆಲ್‌ಗಳಿವೆ.

ಹಣ ಕೊಡುವ ಮುಂಚೆ ನಾಲ್ಕೂ ರೂಮ್ ತೆರೆಸಿ. ಒಂದು ಚೆನ್ನಾಗಿರುವುದನ್ನು ತೋರಿಸಿ ಉಳಿದ ಮೂರನ್ನು ಹಿಂದಿನ ಕಟ್ಟಡದಲ್ಲಿ ಕೊಡುವುದುಂಟು. ಎಸಿ ಹಾಕಿ, ಗೀಸರ್ ಹಾಕಿ, ಫ್ಲಶ್ ಎಳೆದು ನೋಡಿ. ಇಷ್ಟವಾಗದಿದ್ದರೆ ಬ್ಯಾಗ್ ಬಿಚ್ಚುವ ಮೊದಲೇ ಹೇಳಿ, ಆಗ ಬದಲಾಯಿಸಿ ಕೊಡುತ್ತಾರೆ. ಎಲ್ಲ ಸರಿ ಇದ್ದರೆ ಉಳಿದ ಹಣ ಕೊಟ್ಟು ರಸೀದಿ ತೆಗೆದುಕೊಳ್ಳಿ, ಅದರ ಫೋಟೋವನ್ನು ಗ್ರೂಪಿಗೆ ಹಾಕಿ, ತಲಾ ಎಷ್ಟು ಅಂತ ಅಲ್ಲೇ ಬರೆದುಬಿಡಿ.